ದಾನಪತ್ರಕ್ಕೆ ಸಹಿ ಹಾಕುವ ಮುಂಚೆ, ಮನೆಯಲ್ಲಿ ನಿಮ್ಮ ಪಾಲೆಷ್ಟು ಅಂತ ನೋಡಿ

ಪ್ರಶ್ನೆ: ನನಗೆ 67 ವರ್ಷ. ನಾವು ಹಿಂದೂಗಳು. ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು, ವಿಲ್ ಬರೆದಿರಲಿಲ್ಲ. ಈಗಿರುವ ಮನೆಯ ಸೈಟನ್ನು 1994ರಲ್ಲಿ ಇಬ್ಬರ ಹೆಸರಿನಲ್ಲಿ ಕೊಂಡು, ಆಮೇಲೆ ಮನೆ ಕಟ್ಟಿದೆವು. ಒಬ್ಬ ಮಗ, ಒಬ್ಬಳು ಮಗಳು. ಮಗ ಸೊಸೆ ನನ್ನ ಜೊತೆಗಿದ್ದಾರೆ. ಮಗಳಿಗೆ ಮದುವೆಯಾಗಿದೆ, ‘ನನಗೇನೂ ಬೇಡಮ್ಮ’ ಅನ್ನುತ್ತಾಳೆ. ಅತ್ತೆಯವರಿಗೆ 88 ವರ್ಷ, ಮೈದುನನ ಮನೆಯಲ್ಲಿದ್ದಾರೆ. ಮನೆ ಈಗ ಪೂರ್ತಿ ನನ್ನದೇ ಅಲ್ವಾ? ಮಗ ‘ಈಗಲೇ ದಾನಪತ್ರ ಮಾಡಿಕೊಡು, ಖರ್ಚು ಕಮ್ಮಿ, ವಿಲ್ ಆದರೆ ಕೋರ್ಟಿನಲ್ಲಿ ನಿಲ್ಲಲ್ಲ, ಮುಂದೆ ಟ್ಯಾಕ್ಸ್ ಬೇರೆ ಬೀಳುತ್ತೆ. ಆಗಲ್ಲ ಅಂದರೆ ಜಿಪಿಎ ಆದರೂ ಕೊಡು’ ಅನ್ನುತ್ತಿದ್ದಾನೆ. ಯಜಮಾನರ ಎಫ್‌ಡಿಗೆ ಮಗನೇ ನಾಮಿನಿ. ಊರಿನ ನಾಲ್ಕು ಎಕರೆ ಜಮೀನಿನ ಪಹಣಿ ಇನ್ನೂ ಮಾವನವರ ಹೆಸರಿನಲ್ಲೇ ಇದೆ. ನಾನೇನು ಮಾಡಲಿ?

ಉತ್ತರ:

ಅಮ್ಮ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಎಲ್ಲದರ ಬುಡದಲ್ಲಿ ಇರುವುದು ‘ಮನೆ ಪೂರ್ತಿ ನನ್ನದೇ ಅಲ್ವಾ’ ಅನ್ನುವ ಮಾತು. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪೂರ್ತಿ ನಿಮ್ಮದಲ್ಲ. ದೊಡ್ಡ ಪಾಲು ನಿಮ್ಮದು. ಉಳಿದದ್ದರಲ್ಲಿ ಮಗ, ಮಗಳು, ನಿಮ್ಮ ಅತ್ತೆ, ಮೂವರಿಗೂ ಪಾಲಿದೆ. ಈ ಲೆಕ್ಕ ಗೊತ್ತಿಲ್ಲದೆ ನೀವು ದಾನಪತ್ರ ಬರೆದರೂ ಅಷ್ಟೇ, ವಿಲ್ ಬರೆದರೂ ಅಷ್ಟೇ, ಮುಂದೆ ತೊಡಕು ತಪ್ಪಿದ್ದಲ್ಲ.

ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಆಸ್ತಿ ಇದ್ದರೆ, ಒಬ್ಬರು ಹೋದಮೇಲೆ ಅದು ಇನ್ನೊಬ್ಬರಿಗೆ ತಾನಾಗಿಯೇ ಬರುತ್ತದೆ ಎಂದು ಬಹಳ ಜನ ನಂಬಿಕೊಂಡಿದ್ದಾರೆ. ಬ್ಯಾಂಕಿನ ಜಂಟಿ ಖಾತೆ ನೋಡಿ ಬಂದ ನಂಬಿಕೆ ಇರಬೇಕು. ಬ್ಯಾಂಕಿನಲ್ಲಿ ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂದು ಬರೆಸಿದ್ದರೆ ಉಳಿದವರು ಹಣ ತೆಗೆಯಬಹುದು. ಅದು ಖಾತೆ ನಡೆಸುವ ಏರ್ಪಾಡು ಮಾತ್ರ. ಮನೆ, ಸೈಟಿಗೆ ಆ ನಿಯಮ ಇಲ್ಲ. ಕ್ರಯಪತ್ರದಲ್ಲಿ ಯಾರಿಗೆ ಎಷ್ಟು ಪಾಲು ಎಂದು ಬರೆದಿರದಿದ್ದರೆ, ಯಾರು ಎಷ್ಟು ಹಣ ಹಾಕಿದರು ಅನ್ನುವುದಕ್ಕೂ ಪುರಾವೆ ಇಲ್ಲದಿದ್ದರೆ, ಇಬ್ಬರಿಗೂ ಅರ್ಧರ್ಧ ಎಂದು ಕಾನೂನು ಹಿಡಿಯುತ್ತದೆ. ಹಾಗಾಗಿ ದಯವಿಟ್ಟು ಮೊದಲು 1994ರ ಕ್ರಯಪತ್ರ ಹೊರಗೆ ತೆಗೆದು ಓದಿ. ಪಾಲಿನ ಮಾತು ಅದರಲ್ಲಿ ಇಲ್ಲ ಅಂತಲೇ ಇಟ್ಟುಕೊಂಡು ಮುಂದಿನ ಲೆಕ್ಕ ಹೇಳುತ್ತೇನೆ.

ಅರ್ಧ ಮೊದಲಿನಿಂದಲೂ ನಿಮ್ಮದು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಇನ್ನರ್ಧ ನಿಮ್ಮ ಯಜಮಾನರದ್ದು. ಅವರು ವಿಲ್ ಬರೆಯದೆ ಹೋದ್ದರಿಂದ ಆ ಅರ್ಧ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಅಂದರೆ ಹೆಂಡತಿ, ಮಕ್ಕಳು ಮತ್ತು ತಾಯಿ. ತಾಯಿ ಅನ್ನುವುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ತೀರಿಕೊಂಡವರ ತಂದೆ ಬದುಕಿದ್ದರೆ ಅವರು ಈ ವರ್ಗದಲ್ಲಿ ಬರುವುದಿಲ್ಲ, ತಾಯಿ ಬರುತ್ತಾರೆ. ಆ ತಾಯಿ ಎಲ್ಲಿ, ಯಾರ ಮನೆಯಲ್ಲಿ ಇದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ಹಾಗಾಗಿ ಆ ಅರ್ಧ ನಾಲ್ಕು ಸಮ ಪಾಲಾಗುತ್ತದೆ. ಮನೆಯನ್ನು ಎಂಟು ಭಾಗ ಅಂದುಕೊಳ್ಳಿ. ನಿಮ್ಮ ಸ್ವಂತದ ನಾಲ್ಕು, ಯಜಮಾನರಿಂದ ಬಂದ ಒಂದು, ಒಟ್ಟು ಐದು ನಿಮ್ಮದು. ಮಗನಿಗೆ ಒಂದು, ಮಗಳಿಗೆ ಒಂದು, ಅತ್ತೆಯವರಿಗೆ ಒಂದು.

ಮಗ ಹೇಳಿದ ಹಾಗೆ ನೀವು ನಾಳೆಯೇ ಹೋಗಿ ‘ಈ ಮನೆ ಪೂರ್ತಿ ಮಗನಿಗೆ ದಾನ ಕೊಟ್ಟಿದ್ದೇನೆ’ ಎಂದು ರಿಜಿಸ್ಟರ್ ಮಾಡಿಸಿದರೂ, ಎಂಟರಲ್ಲಿ ಐದು ಭಾಗ ಮಾತ್ರ ಅವನಿಗೆ ಹೋಗುತ್ತದೆ. ನಿಮ್ಮದಲ್ಲದ್ದನ್ನು ನೀವು ಕೊಡಲು ಬರುವುದಿಲ್ಲ. ಮನೆಯ ಖಾತೆ ನಿಮ್ಮ ಹೆಸರಿಗೆ ಆಗಿದ್ದರೂ ಈ ಮಾತು ಬದಲಾಗುವುದಿಲ್ಲ. ಖಾತೆ ಇರುವುದು ಕಂದಾಯ ಕಟ್ಟುವುದಕ್ಕೆ. ಮಾಲೀಕತ್ವ ಕೊಡುವ ಪತ್ರ ಅದಲ್ಲ.

ಈಗ ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಾಳಜಿ ಹುಟ್ಟಿಸಿದ್ದು ಇದೇ. ಅವರಿಗೆ 88 ವರ್ಷ. ಅವರ ಕಾಲದ ನಂತರ, ಅವರೂ ವಿಲ್ ಬರೆಯದಿದ್ದರೆ, ಆ ಒಂದು ಭಾಗ ಅವರ ಮಕ್ಕಳಿಗೆ ಹೋಗುತ್ತದೆ. ನಿಮ್ಮ ಮೈದುನನಿಗೆ, ನಾದಿನಿ ಇದ್ದರೆ ಅವರಿಗೆ, ನಿಮ್ಮ ಯಜಮಾನರ ಪಾಲಿಗೆ ಬರಬೇಕಾದದ್ದು ನಿಮ್ಮ ಮಗ ಮಗಳಿಗೆ. ಅಂದರೆ ಇವತ್ತು ನಾಲ್ಕು ಜನರಿಗೆ ಸೇರಿದ ಮನೆ ಆಗ ಐದಾರು ಜನರಿಗೆ ಸೇರಬಹುದು. ಅವರಲ್ಲಿ ಒಬ್ಬಿಬ್ಬರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರಬಹುದು. ಮಾರಬೇಕು ಅಥವಾ ಸಾಲ ತೆಗೆಯಬೇಕು ಅಂದಾಗ ಅಷ್ಟೂ ಜನರ ಸಹಿ ಬೇಕು. ಕೊಳ್ಳುವವರ ವಕೀಲರು, ಬ್ಯಾಂಕಿನವರು ವಂಶವೃಕ್ಷ ಕೇಳಿದ ದಿನ ಇದೆಲ್ಲ ಹೊರಗೆ ಬರುತ್ತದೆ. ಅಲ್ಲಿಯವರೆಗೆ ಮನೆಯವರಿಗೆ ಇದರ ಸುಳಿವೂ ಇರುವುದಿಲ್ಲ. ಮಾರಾಟದ ಮಾತು ಮುಗಿದು, ಮುಂಗಡ ತೆಗೆದುಕೊಂಡು, ಆಮೇಲೆ ಒಂದು ಸಹಿಗಾಗಿ ತಿಂಗಳುಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ.

ಇದಕ್ಕೆ ದಾರಿ ಇದೆ. ಅತ್ತೆಯವರು ತಮ್ಮ ಭಾಗವನ್ನು ಬಿಟ್ಟುಕೊಡಲು ತಾವಾಗಿ ಒಪ್ಪಿದರೆ ಹಕ್ಕು ಖುಲಾಸೆ ಪತ್ರ ಮಾಡಿಸಬಹುದು. ಹಕ್ಕು ಬಿಡುಗಡೆ ಪತ್ರ ಅನ್ನುವುದೂ ಅದನ್ನೇ. ಅದು ರಿಜಿಸ್ಟರ್ ಆಗಲೇಬೇಕು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಅಥವಾ ನೋಟರಿ ಮುಂದೆ ಮಾಡಿಸಿದರೆ ಸಾಲದು. ಆದರೆ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆ ಪಾಲು ಅವರ ಹಕ್ಕು. ಮಗನನ್ನು ಕಳೆದುಕೊಂಡ ತಾಯಿ ಅವರು. ಹೋಗಿ ಕೂತು, ಇರುವುದನ್ನು ಇದ್ದ ಹಾಗೆ ಹೇಳಿ, ಮೈದುನನ ಎದುರಿಗೇ ಕೇಳಿ. ಅವರು ಹಣ ಕೇಳಿದರೆ ಅದೂ ನ್ಯಾಯವೇ. ಅವರಿಗೆ ಓದಲು ಬಾರದಿದ್ದರೆ, ಕಣ್ಣು ಕಾಣದಿದ್ದರೆ, ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿಸಿ, ಓದಿ ಹೇಳಿದ್ದೇವೆ ಎಂದು ಪತ್ರದಲ್ಲೇ ಬರೆಸಿ. ಹಾಸಿಗೆ ಹಿಡಿದವರಾದರೆ, ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಮನೆಗೇ ಬಂದು ಸಹಿ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಅವರ ನೆನಪು, ತಿಳಿವಳಿಕೆ ಚೆನ್ನಾಗಿರುವಾಗಲೇ ಈ ಕೆಲಸ ಆಗಬೇಕು.

ಮಗಳ ಮಾತಿಗೂ ಇದೇ ಅನ್ವಯಿಸುತ್ತದೆ. ‘ನನಗೇನೂ ಬೇಡಮ್ಮ’ ಅನ್ನುವುದು ಪ್ರೀತಿಯ ಮಾತು. ಬಾಯಿಮಾತಿನಿಂದ ಅವಳ ಹಕ್ಕು ಹೋಗುವುದಿಲ್ಲ, ಅದು ಕಾಗದದ ಮೇಲೆ ಬರಬೇಕು. ಬರುವ ಮುಂಚೆ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಇನ್ನೊಮ್ಮೆ ಕೇಳಿ ಅನ್ನುವುದು ನನ್ನ ಕೋರಿಕೆ. ಅಣ್ಣ ತಮ್ಮಂದಿರ ಎದುರು ‘ನನಗೆ ಪಾಲು ಬೇಕು’ ಎಂದು ಹೇಳಲಾರದ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಹತ್ತು ವರ್ಷದ ನಂತರ ಅವಳಿಗೋ ಅವಳ ಮಕ್ಕಳಿಗೋ ಕಷ್ಟ ಬಂದಾಗ ಆ ಮಾತು ಬದಲಾದರೆ ಅದನ್ನು ತಪ್ಪು ಅನ್ನಲಾಗದು.

ಇನ್ನು ದಾನಪತ್ರವೋ ವಿಲ್ಲೋ ಅನ್ನುವ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ತಲೆಯ ಮೇಲಿರುವ ಸೂರನ್ನು ನೀವು ಬದುಕಿರುವಾಗ ದಾನ ಮಾಡಬೇಡಿ. ವಿಲ್ ಬರೆಯಿರಿ.

ನಿಮ್ಮ ಮಗ ಕೆಟ್ಟವನು ಅಂತ ನಾನು ಹೀಗೆ ಹೇಳುತ್ತಿಲ್ಲ. ಮಗ ಎಷ್ಟೇ ಒಳ್ಳೆಯವನಾದರೂ ದಾನಪತ್ರ ರಿಜಿಸ್ಟರ್ ಆಗಿ ಅವನು ಅದನ್ನು ಒಪ್ಪಿಕೊಂಡ ಮೇಲೆ ಆ ಪಾಲು ಅವನದ್ದೇ. ನಾಳೆ ಅವನ ವ್ಯಾಪಾರದಲ್ಲಿ ನಷ್ಟವಾದರೆ ಸಾಲ ಕೊಟ್ಟವರು ಅದರ ಮೇಲೆ ಬರಬಹುದು. ಅವನು ಅಡವಿಟ್ಟರೆ ನಿಮ್ಮನ್ನು ಕೇಳಬೇಕಾಗಿಲ್ಲ. ಹೇಳಲು ನಾಲಿಗೆ ಬರುವುದಿಲ್ಲ, ಆದರೂ ಹೇಳಬೇಕು. ನಿಮಗಿಂತ ಮುಂಚೆ ಅವನಿಗೇನಾದರೂ ಆದರೆ, ಅವನೂ ವಿಲ್ ಬರೆದಿಲ್ಲದಿದ್ದರೆ, ಆ ಮನೆ ಅವನ ಹೆಂಡತಿ, ಮಕ್ಕಳು ಮತ್ತು ತಾಯಿಯಾದ ನಿಮಗೆ ಸಮವಾಗಿ ಹಂಚಿಹೋಗುತ್ತದೆ. ನೀವೇ ಕೊಟ್ಟ ಮನೆಯಲ್ಲಿ ನಿಮಗೆ ಉಳಿಯುವುದು ಒಂದು ಸಣ್ಣ ಪಾಲು. ಇಂದು ನಿಮ್ಮ ಅತ್ತೆ ಇರುವ ಜಾಗದಲ್ಲಿ ಅಂದು ನೀವು ಇರುತ್ತೀರಿ.

ಬೇಡ ಅನಿಸಿದಾಗ ದಾನಪತ್ರವನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಮೋಸದಿಂದ, ಒತ್ತಾಯದಿಂದ ಬರೆಸಿಕೊಂಡಿದ್ದಾರೆ ಎಂದು ತೋರಿಸಬೇಕು, ಇಲ್ಲವೇ ಷರತ್ತು ಮೊದಲೇ ಬರೆದಿರಬೇಕು. ವಿಲ್ ಹಾಗಲ್ಲ. ನಿಮ್ಮ ಉಸಿರಿರುವ ತನಕ ಅದನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ರದ್ದು ಮಾಡಬಹುದು. ಕೊನೆಯ ವಿಲ್ಲೇ ನಿಲ್ಲುತ್ತದೆ. ಮೊದಲನೆಯದು ರಿಜಿಸ್ಟರ್ ಆಗಿದ್ದು ಆಮೇಲಿನದು ರಿಜಿಸ್ಟರ್ ಆಗದೆ ಇದ್ದರೂ, ಸರಿಯಾಗಿ ಬರೆದಿದ್ದರೆ ಆಮೇಲಿನದೇ ನಿಲ್ಲುತ್ತದೆ.

ಮನೆಯವರೆಲ್ಲ ಸೇರಿ ದಾನಪತ್ರವೇ ಸರಿ ಎಂದು ತೀರ್ಮಾನಿಸಿದರೆ, ಎರಡು ಮಾತು ಪತ್ರದಲ್ಲಿ ಇಲ್ಲದೆ ಸಹಿ ಹಾಕಬೇಡಿ. ಮೊದಲನೆಯದು, ನೀವು ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ, ಬಾಡಿಗೆ ಬಂದರೆ ಅನುಭವಿಸುವ ಹಕ್ಕು ನಿಮ್ಮದೇ ಎಂದು ಬರೆಸಿ. ಸ್ವಾಧೀನ ಬಿಟ್ಟುಕೊಡದಿದ್ದರೆ ದಾನವೇ ಆಗುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ಅದು ಸರಿಯಲ್ಲ. ದಾನ ಕೊಟ್ಟವರು ಜೀವಿತಾವಧಿಯ ಅನುಭವದ ಹಕ್ಕು ಉಳಿಸಿಕೊಂಡರೂ ರಿಜಿಸ್ಟರ್ ಆದ ದಾನ ಊರ್ಜಿತ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಎರಡನೆಯದು, ‘ನನ್ನ ಊಟ, ವಸತಿ, ಔಷಧ, ಆರೈಕೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿದ್ದೇನೆ’ ಎಂದು ಸ್ಪಷ್ಟವಾಗಿ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ 60 ವರ್ಷ ದಾಟಿದವರಿಗೆ ದೊಡ್ಡ ಆಸರೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ, ಆ ದಾನವನ್ನು ಅನೂರ್ಜಿತ ಎಂದು ಘೋಷಿಸಿ ಎಂದು ಹಿರಿಯರು ಕೇಳಬಹುದು. ಸಿವಿಲ್ ಕೋರ್ಟಿಗೆ ಅಲೆಯಬೇಕಾಗಿಲ್ಲ. ಉಪವಿಭಾಗಾಧಿಕಾರಿ ನಡೆಸುವ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರಾಯಿತು. ಆದರೆ ಷರತ್ತು ಇತ್ತು ಎಂದು ತೋರಿಸಬೇಕು. ಬರೀ ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂದು ಬರೆದ ಪತ್ರ ಇದ್ದರೆ ಕಷ್ಟ. 2022ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ ಷರತ್ತು ತೋರಿಸಲಾಗದೆ ತಾಯಿ ಸೋತರು. 2025ರ ಜನವರಿಯಲ್ಲಿ ಇನ್ನೊಬ್ಬ ತಾಯಿ ಗೆದ್ದರು. ಅವರ ಕೈಯಲ್ಲಿ, ದಾನಪತ್ರದ ಜೊತೆಗೇ ಮಗ ಬರೆದುಕೊಟ್ಟ ‘ನೋಡಿಕೊಳ್ಳುತ್ತೇನೆ’ ಎಂಬ ವಾಗ್ದಾನದ ಪತ್ರ ಇತ್ತು. ಮನೆಯ ಸ್ವಾಧೀನವನ್ನು ತಾಯಿಗೆ ವಾಪಸ್ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ ಎಂದು ಆ ತೀರ್ಪು ಹೇಳಿತು. ಎರಡು ಪ್ರಕರಣಗಳ ನಡುವೆ ಇದ್ದ ದೊಡ್ಡ ವ್ಯತ್ಯಾಸ ಆ ಬರವಣಿಗೆ.

ಖರ್ಚಿನ ವಿಷಯದಲ್ಲಿ ಮಗ ಹೇಳಿದ್ದು ಅರ್ಧ ನಿಜ. ಕರ್ನಾಟಕದಲ್ಲಿ ಮನೆಯವರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲೆ ಬೀಳುವುದಿಲ್ಲ, ಒಂದು ನಿಗದಿತ ಮೊತ್ತ ಅಷ್ಟೇ. ಹೊರಗಿನವರಿಗೆ ಮಾರುವುದಕ್ಕೆ ಹೋಲಿಸಿದರೆ ಅದು ತುಂಬಾ ಕಮ್ಮಿ. ಆದರೆ ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ. ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದರೂ ಆಗುತ್ತದೆ. ಇನ್ನು ಟ್ಯಾಕ್ಸ್. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿಯನ್ನು ನಮ್ಮ ದೇಶದಲ್ಲಿ 1985ರಲ್ಲೇ ತೆಗೆದುಹಾಕಿದರು. ವಿಲ್ ಮೂಲಕ ಮನೆ ಬಂದರೆ ಮಗನಿಗೆ ಅದಕ್ಕಾಗಿ ಆದಾಯ ತೆರಿಗೆ ಇಲ್ಲ. ಮುಂದೆ ಮಾರಿದಾಗ ಲಾಭದ ಮೇಲೆ ತೆರಿಗೆ ಬರುತ್ತದೆ. ದಾನವಾಗಿ ಬಂದಿದ್ದರೂ ಬರುತ್ತದೆ. ಎರಡರಲ್ಲೂ ನೀವು ಕೊಂಡ ಬೆಲೆಯಿಂದಲೇ ಲೆಕ್ಕ ಶುರುವಾಗುತ್ತದೆ. 2001ರ ಏಪ್ರಿಲ್‌ಗೆ ಮುಂಚೆ ಕೊಂಡ ಆಸ್ತಿಯಾದ್ದರಿಂದ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯುವ ಅವಕಾಶವೂ ಇದೆ. ಹಾಗಾಗಿ ಟ್ಯಾಕ್ಸ್ ಕಾರಣ ಕೊಟ್ಟು ಅವಸರ ಮಾಡುವುದರಲ್ಲಿ ಅರ್ಥ ಇಲ್ಲ.

‘ವಿಲ್ ಕೋರ್ಟಿನಲ್ಲಿ ನಿಲ್ಲಲ್ಲ’ ಅನ್ನುವ ಮಾತನ್ನು ಮಾತ್ರ ಸ್ವಲ್ಪ ವಿವರವಾಗಿ ನೋಡಬೇಕು. ಯಾಕೆಂದರೆ ಎಷ್ಟೋ ವಿಲ್‌ಗಳು ನಿಜವಾಗಿಯೂ ಬಿದ್ದುಹೋಗುತ್ತವೆ. ಸರಿಯಾಗಿ ಬರೆಯದಿದ್ದರೆ ಬೀಳುತ್ತವೆ.

ಕಾನೂನು ಕೇಳುವುದು ತುಂಬಾ ಸರಳ. ಬರೆಯುವವರಿಗೆ 18 ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ತಾವೇ ಸಹಿ ಹಾಕಬೇಕು ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಕಮ್ಮಿ ಅಂದರೆ ಇಬ್ಬರು ಸಾಕ್ಷಿಗಳು ಅದನ್ನು ನೋಡಿ, ವಿಲ್ ಬರೆದವರ ಎದುರಿಗೇ ತಾವೂ ಸಹಿ ಹಾಕಬೇಕು. ಇದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್. ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಲ್‌ಗೆ ಸಹಿ ಹಾಕಿ ಇಟ್ಟು, ನಾಲ್ಕು ದಿನ ಬಿಟ್ಟು ಪಕ್ಕದ ಮನೆಯವರಿಂದ ‘ಸುಮ್ನೆ ಇಲ್ಲೊಂದು ಸಹಿ ಹಾಕಿ’ ಎಂದು ಹಾಕಿಸಿಕೊಳ್ಳುತ್ತಾರೆ. ಆ ಸಾಕ್ಷಿ ಕಟಕಟೆಯಲ್ಲಿ ನಿಂತು ‘ಅವರು ಸಹಿ ಹಾಕಿದ್ದನ್ನು ನಾನು ನೋಡಿಲ್ಲ, ಇದು ನನ್ನ ಸಹಿ ಎಂದು ಅವರು ನನಗೆ ಹೇಳಲೂ ಇಲ್ಲ’ ಅಂದರೆ ವಿಲ್ ಹೋಯಿತು. ಮುಂದೆ ತಕರಾರು ಬಂದಾಗ ವಿಲ್ ಸಾಬೀತು ಮಾಡಲು ಇಬ್ಬರಲ್ಲಿ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಹಾಗಾಗಿ ನಿಮ್ಮ ವಯಸ್ಸಿನ ಗೆಳತಿಯರನ್ನು ಸಾಕ್ಷಿ ಮಾಡಬೇಡಿ. ನಿಮಗಿಂತ ಇಪ್ಪತ್ತು ಮೂವತ್ತು ವರ್ಷ ಚಿಕ್ಕವರಾಗಿರಲಿ, ಮುಂದೆ ಹುಡುಕಿದರೆ ಸಿಗುವವರಾಗಿರಲಿ, ಆಸ್ತಿಯಲ್ಲಿ ಏನೂ ಪಡೆಯದವರಾಗಿರಲಿ.

ಇನ್ನೊಂದು ಸಂಗತಿ ಇದೆ. ಹಳೇ ಮೈಸೂರಿನಿಂದ ಸುಪ್ರೀಂ ಕೋರ್ಟ್‌ವರೆಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಎಂದು ಒಂದಿದೆ. 1959ರ ಕಾನೂನು ವರದಿಗಳಲ್ಲಿ ಅಚ್ಚಾದ ಈ ತೀರ್ಪನ್ನು ವಿಲ್ ತಕರಾರು ಬಂದಾಗ ಇವತ್ತಿಗೂ ವಕೀಲರು ಎತ್ತಿ ಓದುತ್ತಾರೆ. ಅದರ ತಿರುಳು ಇಷ್ಟು. ವಿಲ್ ಸುತ್ತ ಅನುಮಾನ ಹುಟ್ಟಿಸುವ ಸಂಗತಿಗಳಿದ್ದರೆ, ವಿಲ್ ಮುಂದಿಟ್ಟವರೇ ಆ ಅನುಮಾನ ನಿವಾರಿಸಬೇಕು. ಯಾರಿಗೆ ದೊಡ್ಡ ಲಾಭವೋ ಅವರೇ ಮುಂದೆ ನಿಂತು ವಿಲ್ ಮಾಡಿಸಿದ್ದರೆ, ಅದೇ ಒಂದು ಅನುಮಾನದ ಸಂಗತಿ. ನಿಮ್ಮ ಮನೆಗೆ ಇದನ್ನು ಹೊಂದಿಸಿ ನೋಡಿ. ಮಗ ವಕೀಲರನ್ನು ಗೊತ್ತು ಮಾಡಿ, ಮಗನ ಕಾರಿನಲ್ಲಿ ನೀವು ಹೋಗಿ, ಮಗನ ಇಬ್ಬರು ಸ್ನೇಹಿತರು ಸಾಕ್ಷಿ ಹಾಕಿ, ಎಲ್ಲ ಮಗನಿಗೇ ಎಂದು ಬರೆದು, ಮಗಳಿಗೆ ಸುದ್ದಿಯೇ ಇಲ್ಲದಿದ್ದರೆ, ಆ ವಿಲ್ ನಿಜವೇ ಆಗಿದ್ದರೂ ಉಳಿಸಿಕೊಳ್ಳಲು ಮಗನೇ ಒದ್ದಾಡಬೇಕಾಗುತ್ತದೆ. ಅವನ ಒಳಿತಿಗೇ ಅವನು ಈ ಕೆಲಸದಿಂದ ದೂರ ಇರಲಿ. ನಿಮ್ಮದೇ ವಕೀಲರನ್ನು ನೀವೇ ಗೊತ್ತು ಮಾಡಿಕೊಳ್ಳಿ. ನಿಮಗೆ ಅರ್ಥವಾಗುವ ಕನ್ನಡದಲ್ಲಿ ಬರೆಸಿ. ಯಾರಿಗೆ ಎಷ್ಟು ಎಂದು ಬರೆದು, ಹೆಚ್ಚು ಕಮ್ಮಿ ಕೊಟ್ಟಿದ್ದರೆ ಯಾಕೆ ಅನ್ನುವುದನ್ನೂ ಎರಡು ಸಾಲಿನಲ್ಲಿ ನಿಮ್ಮ ಮಾತಿನಲ್ಲೇ ಹೇಳಿ. ಸಹಿ ಹಾಕುವ ದಿನ ನಿಮ್ಮನ್ನು ನೋಡುವ ಡಾಕ್ಟರ್ ಹತ್ತಿರ ‘ತಿಳಿವಳಿಕೆ ಚೆನ್ನಾಗಿದೆ’ ಎಂದು ಒಂದು ಚೀಟಿ ಬರೆಸಿಕೊಂಡರೆ ಬಹಳ ಒಳ್ಳೆಯದು.

ವಿಲ್ ರಿಜಿಸ್ಟರ್ ಮಾಡಿಸಲೇಬೇಕು ಎಂದೇನೂ ಇಲ್ಲ. ಆದರೂ ಮಾಡಿಸಿ ಅನ್ನುವುದು ನನ್ನ ಸಲಹೆ. ಅಲ್ಲಿ ನಿಮ್ಮ ಫೋಟೊ, ಬೆರಳಚ್ಚು ದಾಖಲಾಗುತ್ತದೆ. ಮೂಲ ಕಳೆದರೂ ನಕಲು ಸಿಗುತ್ತದೆ. ‘ಇದು ಅಮ್ಮನ ಸಹಿಯೇ ಅಲ್ಲ’ ಅನ್ನುವ ವಾದಕ್ಕೆ ಬಲ ಕಮ್ಮಿಯಾಗುತ್ತದೆ. ರಿಜಿಸ್ಟರ್ ಆದ ಮಾತ್ರಕ್ಕೆ ಎಲ್ಲ ಸಾಬೀತಾಯಿತು ಅಂದುಕೊಳ್ಳಬೇಡಿ, ಸಾಕ್ಷಿ ಬಂದು ಹೇಳುವುದು ಆಗಲೂ ಬೇಕು. ವಿಲ್‌ನಲ್ಲಿ ಏನಿದೆ ಎಂದು ಯಾರಿಗೂ ತಿಳಿಯಬಾರದು ಅನ್ನಿಸಿದರೆ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಹತ್ತಿರ ಇಡುವ ಅನುಕೂಲವೂ ಇದೆ. ಇದು ಹೆಚ್ಚು ಜನರಿಗೆ ಗೊತ್ತೇ ಇಲ್ಲ.

ವಿಲ್‌ನಲ್ಲಿ ‘ನನ್ನ ಮನೆ’ ಎಂದು ಬರೆಯಬೇಡಿ. ‘ಈ ಮನೆಯಲ್ಲಿ ನನಗಿರುವ ಪಾಲು’ ಎಂದು ಬರೆಯಿರಿ. ಒಡವೆ, ಬ್ಯಾಂಕಿನ ಹಣ, ಮುಂದೆ ಬರಬಹುದಾದದ್ದು, ಹೆಸರಿಸದೆ ಬಿಟ್ಟದ್ದು, ಎಲ್ಲ ಸೇರಿ ‘ಉಳಿದದ್ದು ಇಂಥವರಿಗೆ’ ಎಂದು ಒಂದು ಸಾಲು ಇರಲಿ. ಮಗನೋ ಮಗಳೋ ನಿಮಗಿಂತ ಮುಂಚೆ ಹೋದರೆ ಅವರ ಪಾಲು ಯಾರಿಗೆ ಎಂದೂ ಬರೆಯಿರಿ. ಅಂದಹಾಗೆ, ಇಬ್ಬರು ಮಕ್ಕಳಿಗೂ ಸಮಪಾಲು ಅನ್ನುವುದೇ ನಿಮ್ಮ ಇಷ್ಟವಾದರೆ, ವಿಲ್ ಬರೆಯದಿದ್ದರೂ ನಿಮ್ಮ ಕಾಲದ ನಂತರ ಕಾನೂನು ಹಾಗೆಯೇ ಹಂಚುತ್ತದೆ. ಆದರೂ ಮನೆಯಲ್ಲಿ ಯಾರು ಇರಬೇಕು, ಇನ್ನೊಬ್ಬರಿಗೆ ಅದರ ಬದಲು ಏನು ಅನ್ನುವುದನ್ನು ನೀವೇ ಬರೆದಿಟ್ಟರೆ, ಅಣ್ಣ ತಂಗಿ ಆ ಮಾತಿಗೆ ಜಗಳ ಆಡುವುದು ತಪ್ಪುತ್ತದೆ.

ಜಿಪಿಎ, ಅಂದರೆ ನಿಮ್ಮ ಪರವಾಗಿ ಎಲ್ಲ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಡ. ಅದರಿಂದ ಮಾಲೀಕತ್ವ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಖಚಿತವಾಗಿ ಹೇಳಿದೆ. ಕೊಟ್ಟವರು ತೀರಿಕೊಂಡರೆ ಅದೂ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ನಿಮ್ಮ ನಂತರ ಮಗನಿಗೆ ಅದು ಯಾವ ಉಪಯೋಗಕ್ಕೂ ಬಾರದು. ಆದರೆ ಮಾರುವ ಅಧಿಕಾರ ಅದರಲ್ಲಿ ಬರೆದಿದ್ದರೆ, ನೀವು ಇರುವಾಗಲೇ ನಿಮ್ಮ ಪಾಲು ಕೈಬಿಟ್ಟುಹೋಗಬಹುದು. ಕಂದಾಯ ಕಟ್ಟಲು, ಕಚೇರಿಗೆ ಓಡಾಡಲು ನಿಮಗೆ ಕಷ್ಟವಾದರೆ ಅಷ್ಟೇ ಕೆಲಸಕ್ಕೆ ಸೀಮಿತವಾಗಿ ಒಂದು ಅಧಿಕಾರಪತ್ರ ಕೊಟ್ಟರೆ ಸಾಕು.

ಎಫ್‌ಡಿಯ ನಾಮಿನಿ ಮಗ ಅಂದಿರಿ. ಬ್ಯಾಂಕು ಅವನ ಕೈಗೆ ಹಣ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ಅಷ್ಟಕ್ಕೆ ಹಣ ಅವನದ್ದಾಗುವುದಿಲ್ಲ. ವಾರಸುದಾರರ ಪರವಾಗಿ ಪಡೆದುಕೊಂಡವನು ಅವನು. ಆ ಹಣದಲ್ಲೂ ನಿಮಗೆ, ಮಗನಿಗೆ, ಮಗಳಿಗೆ, ಅತ್ತೆಯವರಿಗೆ ಸಮವಾಗಿ ಕಾಲು ಕಾಲು ಪಾಲು. ಕಂಪನಿ ಷೇರುಗಳ ನಾಮಿನಿಗೂ ಇದೇ ನ್ಯಾಯ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮದೇ ಖಾತೆಗಳಿಗೆ ನಾಮಿನಿ ಹಾಕುವಾಗ ವಿಲ್‌ನಲ್ಲಿ ಯಾರ ಹೆಸರು ಬರೆದಿದ್ದೀರೋ ಅವರನ್ನೇ ಹಾಕಿ. 2025ರ ನವೆಂಬರಿನಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಿ, ಯಾರಿಗೆ ಶೇಕಡಾ ಎಷ್ಟು ಎಂದು ಬರೆಯಲು ಅವಕಾಶ ಬಂದಿದೆ.

ಊರಿನ ನಾಲ್ಕು ಎಕರೆಯಲ್ಲಿ ನಿಮ್ಮ ಪಾಲು ಎಷ್ಟು ಎಂದು ಬರೀ ಪತ್ರ ನೋಡಿ ಹೇಳಲು ಆಗುವುದಿಲ್ಲ. ಅದು ಮಾವನವರು ಸ್ವಂತ ಸಂಪಾದನೆಯಿಂದ ಕೊಂಡದ್ದೋ ಅಥವಾ ಅವರ ತಂದೆ ತಾತಂದಿರ ಕಾಲದಿಂದ ಬಂದ ಪಿತ್ರಾರ್ಜಿತವೋ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ನಾದಿನಿ ಇದ್ದರೆ ಎರಡರಲ್ಲೂ ಅವರಿಗೆ ಪಾಲಿದೆ ಅನ್ನುವುದು ಮರೆಯಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರ ಸೆಪ್ಟೆಂಬರ್ 9ರಿಂದ ಕಾನೂನು ಬಂತು. ಆ ದಿನ ತಂದೆ ಬದುಕಿರಲೇಬೇಕಾಗಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗಪತ್ರವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ಮಾತ್ರ ಅದನ್ನು ಮುಟ್ಟುವುದಿಲ್ಲ. ನಿಮ್ಮಲ್ಲಿ ಪಹಣಿಯೇ ಇನ್ನೂ ಮಾವನವರ ಹೆಸರಿನಲ್ಲಿ ಇದೆ ಅಂದರೆ ವಿಭಾಗ ಆಗಿಲ್ಲ ಅಂತಲೇ ತೋರುತ್ತದೆ. ಮೈದುನನ ಜೊತೆ ಸೇರಿ ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಲ್ಲಿರುವ ದಾಖಲೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅರ್ಜಿ ಕೊಡಿ. ಪೌತಿ ಖಾತೆಯಿಂದ ಯಾರ ಪಾಲೂ ತೀರ್ಮಾನ ಆಗುವುದಿಲ್ಲ, ಆದರೆ ಬದುಕಿರುವವರ ಹೆಸರು ದಾಖಲೆಗೆ ಬರುತ್ತದೆ. ಯಾವ ವಾರಸುದಾರರ ಹೆಸರನ್ನೂ ಬಿಡಬೇಡಿ. ಒಂದು ಹೆಸರು ಬಿಟ್ಟ ವಂಶವೃಕ್ಷದಿಂದ ಮುಂದೆ ಹುಟ್ಟುವ ದಾವೆ ಮಕ್ಕಳ ಕಾಲಕ್ಕೂ ಮುಗಿಯದೆ ಉಳಿಯಬಹುದು.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಮೇಲಿನ ಪಾಲಿನ ಲೆಕ್ಕ ಹಿಂದೂಗಳಿಗೆ. ಮುಸ್ಲಿಮರಲ್ಲಿ ಪಾಲುಗಳೇ ಬೇರೆ. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚನ್ನು ವಿಲ್ ಬರೆಯಲು ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಿಗೆ 1925ರ ಕಾಯ್ದೆಯ ಲೆಕ್ಕವೇ ಅನ್ವಯ, ಮತ್ತು ವಿಲ್ ಬರೆದ ಮೇಲೆ ಮದುವೆಯಾದರೆ ಹಳೆಯ ವಿಲ್ ರದ್ದಾಗುತ್ತದೆ. ಹಿಂದೂಗಳಲ್ಲಿ ಹಾಗಾಗುವುದಿಲ್ಲ.

ಅಮ್ಮ, ಈ ವಾರವೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಕ್ರಯಪತ್ರ, ಯಜಮಾನರ ಮರಣ ಪ್ರಮಾಣಪತ್ರ, ಕಂದಾಯ ರಸೀದಿ, ಎಫ್‌ಡಿ ಕಾಗದ, ಊರಿನ ಪಹಣಿ, ಇವಿಷ್ಟನ್ನು ಒಂದು ಕಡೆ ಇಟ್ಟುಕೊಳ್ಳಿ. 1994ರಿಂದ ಇವತ್ತಿನವರೆಗಿನ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಅದರಲ್ಲಿ ನಿಮಗೆ ಗೊತ್ತಿಲ್ಲದ ಸಾಲ ಏನಾದರೂ ಇದೆಯೇ ನೋಡಿ. ಮಗನಿಗೆ ಈ ಉತ್ತರವನ್ನು ಓದಲು ಕೊಡಿ, ಬಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ಭಾನುವಾರ ಬಿಡುವಾದರೆ ಅತ್ತೆಯವರನ್ನು ನೋಡಿಕೊಂಡು ಬನ್ನಿ. ಮಗನನ್ನೂ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಾಗದದ ಮಾತು ಅವತ್ತೇ ಎತ್ತಬೇಕು ಅಂತೇನಿಲ್ಲ.